ದಿನ ತುಂಬಿದೆ, ಇನ್ನೂ ಈದಿಲ್ಲ

ಸತ್ಯವೇದ ತೆಗೆಯಿರಿ. ಫೋನ್‌ನಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡಿ. ಯೋಬನ ಗ್ರಂಥ, 39ನೇ ಅಧ್ಯಾಯ, 1ರಿಂದ 4ನೇ ವಚನದವರೆಗೆ. ಇನ್ನೊಂದು ಬೆರಳನ್ನು ಆದಿಕಾಂಡ 33ರಲ್ಲಿ ಇಟ್ಟುಕೊಂಡಿರಿ, ಅಲ್ಲಿಗೂ ಹೋಗಬೇಕು.

ಯೋಬ 39ರಲ್ಲಿ ಕರ್ತನು ಯೋಬನಿಗೆ ಒಂದು ವಿಚಿತ್ರ ಪ್ರಶ್ನೆ ಕೇಳ್ತಾನೆ. ಬೆಟ್ಟದ ಕಾಡುಮೇಕೆಗಳು ಯಾವಾಗ ಈಯುತ್ತವೆ, ನಿನಗೆ ಗೊತ್ತಾ? ಜಿಂಕೆಗಳು ಮರಿ ಹಾಕೋದನ್ನ ಕಾದು ನೋಡಿದ್ದೀಯಾ? ಅವುಗಳಿಗೆ ಎಷ್ಟು ತಿಂಗಳು ತುಂಬಬೇಕು ಅಂತ ನೀನು ಎಣಿಸಿದ್ದೀಯಾ? ಇದು ಆ ಭಾಗದ ಅರ್ಥ. ಮಾತುಗಳನ್ನ ನೀವೇ ಓದಿಕೊಳ್ಳಿ.

ಈ ಪ್ರಶ್ನೆ ಬಂದದ್ದು ಯಾರಿಗೆ? ಹತ್ತು ಮಕ್ಕಳನ್ನು ಒಂದೇ ದಿನ ಕಳಕೊಂಡ ಮನುಷ್ಯನಿಗೆ. 3ನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸಿದವನಿಗೆ. ನಾನು ಸತ್ತೇ ಹುಟ್ಟಬಾರದಿತ್ತಾ ಅಂತ ಕೇಳಿದವನಿಗೆ. ಅವನ ಹತ್ತಿರ ದೇವರು ಹುಟ್ಟಿನ ವಿಷಯ ತೆಗೀತಾನೆ. ನಾವಾಗಿದ್ರೆ ಆ ವಿಷಯ ಎತ್ತುತ್ತಿರಲಿಲ್ಲ, ಟಾಪಿಕ್ ಬದಲಿಸ್ತಿದ್ವಿ. ಇದನ್ನ ಮನಸ್ಸಲ್ಲಿ ಇಟ್ಟುಕೊಳ್ಳಿ, ಕೊನೆಗೆ ಬೇಕಾಗ್ತದೆ.

ಇವತ್ತಿನ ಪಾಠಕ್ಕೆ ನಾನು ಒಂದು ಪ್ರಾಣಿಯನ್ನ ತಗೊಂಡಿದ್ದೇನೆ: ದಿನ ತುಂಬಿ ಮೀರಿದರೂ ಈಯದ ಹೆಣ್ಣು ಕುದುರೆ. ಬೆಂಗಳೂರಲ್ಲಿ ಕುಳಿತವರಿಗೆ ಕುದುರೆ ಅಂದ್ರೆ ಮದುವೆ ಮೆರವಣಿಗೆ, ಇಲ್ಲಾ ರೇಸ್ ಕೋರ್ಸ್ ರಸ್ತೆ. ರೇಸಿಗೆ ಹೋಗಿ ಅಂತ ನಾನು ಹೇಳ್ತಾ ಇಲ್ಲ, ನಗಬೇಡಿ. ಆದರೆ ಇಲ್ಲಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಮಂಗಳೂರು ಹೆದ್ದಾರಿಯಲ್ಲಿ ಕುಣಿಗಲ್ ಇದೆ. ಅಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದ್ದು. ಮೊದಲು ಸೈನ್ಯಕ್ಕೆ, ಆಮೇಲೆ ರೇಸಿಗೆ, ತಲೆತಲಾಂತರದಿಂದ ಅಲ್ಲಿ ಕುದುರೆ ಸಾಕಿದ್ದಾರೆ. ಅಂಥ ಜಾಗದಲ್ಲಿ ಕೆಲಸ ಮಾಡೋವರಿಗೆ ಕಾಯೋದು ಅಂದ್ರೆ ಏನು ಅನ್ನೋದು ನಮಗಿಂತ ಚೆನ್ನಾಗಿ ಗೊತ್ತಿರ್ತದೆ.

ಹೆಣ್ಣು ಕುದುರೆ ಗಬ್ಬ ಹೊರೋದು ಸುಮಾರು ಹನ್ನೊಂದು ತಿಂಗಳು. ಸರಾಸರಿ 340 ದಿನ ಅಂತಾರೆ. ಆದರೆ 320 ದಿನಕ್ಕೆ ಈದು ಮರಿ ಚೆನ್ನಾಗಿರಬಹುದು, 365 ದಿನ ದಾಟಿ ಈದು ಮರಿ ಚೆನ್ನಾಗಿರಬಹುದು. ನೋಡಿ ಎಷ್ಟು ಅಂತರ, ಒಂದೂವರೆ ತಿಂಗಳು! ಹಸುವಿಗೆ ಹೀಗಿಲ್ಲ, ಅದು 280 ದಿನದ ಆಸುಪಾಸಲ್ಲಿ ಕರು ಹಾಕ್ತದೆ. ಎಮ್ಮೆಗೆ 310ರ ಹತ್ತಿರ. ಅದಕ್ಕೇ ಕುದುರೆ ಸಾಕುವವರು ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಗುರುತು ಹಾಕಿದರೂ ಆ ದಿನವನ್ನ ಪೂರ್ತಿ ನಂಬೋದಿಲ್ಲ. ಅವರು ನೋಡೋದು ಕುದುರೆಯನ್ನ. ಕೆಚ್ಚಲು ಬಿಟ್ಟಿದೆಯಾ? ಬಾಲದ ಬುಡ ಸಡಿಲವಾಗಿದೆಯಾ? ಮೊಲೆತೊಟ್ಟಿನ ತುದಿಯಲ್ಲಿ ಜೇನುಬಣ್ಣದ ಮೇಣದಂಥ ಹನಿ ಗಟ್ಟಿಯಾಗಿದೆಯಾ? ಸಾಮಾನ್ಯವಾಗಿ ಆ ಮೇಣ ಕಂಡರೆ ಒಂದೆರಡು ದಿನದಲ್ಲಿ ಈಯುತ್ತದೆ ಅಂತ ಲೆಕ್ಕ. ಆದರೆ ಕೆಲವು ಕುದುರೆಗಳಲ್ಲಿ ಮೇಣ ಬಂದು ವಾರ ಕಳೆದರೂ ಏನೂ ಆಗೋದಿಲ್ಲ. ಇನ್ನು ಕೆಲವು ಮೇಣವನ್ನೇ ತೋರಿಸದೆ ಬೆಳಗಾಗುವುದರೊಳಗೆ ಮರಿ ಹಾಕಿ ನಿಂತಿರ್ತವೆ. ಹೆಚ್ಚಿನವು ಈಯೋದು ರಾತ್ರಿ, ಸುತ್ತಮುತ್ತ ನಿಶ್ಶಬ್ದ ಆದಮೇಲೆ. ಜನ ಸೇರಿ ಗಲಾಟೆ ಮಾಡಿದರೆ ತಾಯಿ ಕುದುರೆ ಸ್ವಲ್ಪ ಹೊತ್ತು ತಡೆದುಕೊಳ್ತದೆ ಅಂತಾರೆ. ಹತ್ತು ರಾತ್ರಿ ನಿದ್ದೆಗೆಟ್ಟು ಕಾದವನು ಟೀ ಕುಡಿಯೋಕೆ ಹೋದ ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದಿರ್ತದೆ!

ಈಗ ನನಗೆ ತುಂಬ ಹಿಡಿಸಿದ ವಿಷಯ ಹೇಳ್ತೇನೆ. ಆ ದಿನವನ್ನ ತೀರ್ಮಾನ ಮಾಡೋದು ಯಾರು? ಯಜಮಾನ ಅಲ್ಲ. ಪೂರ್ತಿ ತಾಯಿಯೂ ಅಲ್ಲ. ಒಳಗಿರುವ ಮರಿ. ಮರಿಯ ದೇಹ ಸಿದ್ಧವಾಗ್ತಾ ಬಂದಾಗ ಅದರೊಳಗಿನಿಂದಲೇ ಹಾರ್ಮೋನಿನ ಸಂದೇಶ ಹೊರಡ್ತದೆ, ಆಮೇಲೆ ತಾಯಿಯ ದೇಹ ಹೆರಿಗೆಗೆ ತಿರುಗ್ತದೆ. ಕುದುರೆಮರಿಯಲ್ಲಿ ಈ ಕೊನೆಯ ಸಿದ್ಧತೆ ಆಗೋದು ಕಟ್ಟಕಡೆಯ ಕೆಲವೇ ದಿನಗಳಲ್ಲಿ. ಹನ್ನೊಂದು ತಿಂಗಳು ಒಳಗಿದ್ದರೂ ಹೊರಗಿನ ಗಾಳಿಗೆ ಅದರ ದೇಹ ತಯಾರಾಗೋದು ಆ ಕೊನೆಯ ಮೂರು ನಾಲ್ಕು ದಿನದಲ್ಲಿ! ಅದಕ್ಕೇ 345ನೇ ದಿನ ಹುಟ್ಟಿದ ಮರಿಯೂ ಅಪಕ್ವ ಇರಬಹುದು, ಅದಕ್ಕೆ 355 ದಿನ ಬೇಕಿತ್ತು. 325ಕ್ಕೆ ಹುಟ್ಟಿದ್ದು ಪಕ್ವ ಆಗಿರಬಹುದು. ಕ್ಯಾಲೆಂಡರ್ ಒಂದೇ, ಮರಿ ಬೇರೆ ಬೇರೆ.

ತಡವಾದರೆ ಮರಿ ಒಳಗೇ ದೊಡ್ಡದಾಗಿ ಬೆಳೆದುಬಿಡ್ತದೆ ಅಂತ ನಾವು ಯೋಚಿಸ್ತೀವಿ. ಕುದುರೆಯಲ್ಲಿ ಹೆಚ್ಚಾಗಿ ಹಾಗಾಗೋದಿಲ್ಲ. ತಡವಾಗಿ ಹುಟ್ಟಿದ ಮರಿ ಎಷ್ಟೋ ಸಲ ಸಾಧಾರಣ ಗಾತ್ರದ್ದೇ, ಕೆಲವೊಮ್ಮೆ ಚಿಕ್ಕದೇ ಇರ್ತದೆ. ಅದು ಬೆಳೆಯೋದೇ ನಿಧಾನವಾಗಿತ್ತು, ಅದಕ್ಕೆ ಸಮಯ ಬೇಕಿತ್ತು, ಅಷ್ಟೆ. ಇದನ್ನ ಯಾಕೆ ಹೇಳಿದೆ ಅಂದ್ರೆ, ನಮ್ಮ ಸಭೆಗಳಲ್ಲಿ ಒಂದು ಮಾತು ಓಡಾಡ್ತದೆ: ತಡ ಆದಷ್ಟೂ ಆಶೀರ್ವಾದ ದೊಡ್ಡದು, ಡಬಲ್ ಪೋರ್ಷನ್. ಕೇಳೋಕೆ ಚೆನ್ನಾಗಿದೆ, ಆಮೆನ್ ಕೂಡ ಜೋರಾಗಿ ಬರ್ತದೆ. ಆದರೆ ದೇವರ ವಾಕ್ಯದಲ್ಲಿ ಆ ಲೆಕ್ಕ ನನಗೆ ಸಿಕ್ಕಿಲ್ಲ. ಮೂರು ವರ್ಷ ಕಾದು ಸಿಕ್ಕಿದ ಕೆಲಸ ಸಾಧಾರಣ ಸಂಬಳದ್ದೇ ಇರಬಹುದು. ಹಾಗಿದ್ದಾಗ ದೇವರು ಮೋಸ ಮಾಡಿದ ಅಂತ ಬೇಸರ ಪಡ್ತೀರಿ. ಮರಿ ಜೀವಂತ ಇದೆಯಲ್ಲಾ, ಸ್ವಾಮಿ.

ನಾನು ಸಾಗರದ ಕಡೆಯವನು ಅಂತ ಕೆಲವರಿಗೆ ಗೊತ್ತು. ನಮ್ಮೂರ ಕಡೆ ಕುದುರೆ ಇಲ್ವಾ ಅಂದರೆ, ಈಗ ಇಲ್ಲ, ಒಂದು ಕಾಲದಲ್ಲಿ ಇದ್ದವು. ಕೆಳದಿಯ ನಾಯಕರ ರಾಜ್ಯ ಅಲ್ಲೇ ಇದ್ದದ್ದು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು, ಅಂದ್ರೆ ಹೊಸನಗರ ತಾಲ್ಲೂಕಿನ ಇವತ್ತಿನ ನಗರ. ತೀರ್ಥಹಳ್ಳಿ ಕಡೆ ಹೋದರೆ ಕವಲೇದುರ್ಗ ಅವರದ್ದೇ ಕೋಟೆ. ರಾಜ್ಯ ಅಂದಮೇಲೆ ಸೈನ್ಯಕ್ಕೆ ಕುದುರೆ ಬೇಕೇ ಬೇಕು. ಆದರೆ ಆ ಮಳೆಯಲ್ಲಿ, ಆ ಕೆಸರಿನಲ್ಲಿ ಒಳ್ಳೆ ಕುದುರೆ ತಳಿ ಬೆಳೆಸೋದು ಕಷ್ಟ. ಘಟ್ಟದ ಕೆಳಗೆ ಭಟ್ಕಳ, ಹೊನ್ನಾವರದಂಥ ಬಂದರುಗಳಿಗೆ ಅರಬ್ ದೇಶ, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಕುದುರೆ ಬರ್ತಿದ್ದವು. ವಿಜಯನಗರದ ಕಾಲದಿಂದಲೂ ಅದು ದೊಡ್ಡ ವ್ಯಾಪಾರ. ಸಮುದ್ರದಲ್ಲಿ ಪೋರ್ಚುಗೀಸರ ಹಿಡಿತ ಇದ್ದಾಗ ಕುದುರೆ ಬೇಕಾದವರು ಅವರ ಮುಖ ನೋಡಬೇಕಿತ್ತು. ಹಣ ಇದ್ರೆ ಸಾಕು, ಬೆಳೆದ ಕುದುರೆಯೇ ಬಾಗಿಲಿಗೆ. ಹನ್ನೊಂದು ತಿಂಗಳು ಕಾಯೋದು ಬೇಡ, ಮರಿ ಎದ್ದು ನಿಂತೀತಾ ಅಂತ ರಾತ್ರಿ ನಿದ್ದೆ ಕೆಡೋದು ಬೇಡ. ಇವತ್ತಿನ ಭಾಷೆಯಲ್ಲಿ ಹೋಮ್ ಡೆಲಿವರಿ. ಆದರೆ ಆ ದಾರಿ ಹಿಡಿದರೆ ಕಾಯುವ ಕೆಲಸದ ಜೊತೆ ಸ್ವಾತಂತ್ರ್ಯವೂ ಹೋಗ್ತದೆ, ಬಂದರು ಯಾರ ಕೈಯಲ್ಲಿ ಇದೆಯೋ ಅವರ ಕೈಗೆ.

ಅದೇ ಕೆಳದಿಯವರು ಕಾಯೋದನ್ನ ಬಲ್ಲವರೂ ಹೌದು. ಶಿವಪ್ಪನಾಯಕನ ಶಿಸ್ತು ಅನ್ನೋ ಮಾತು ಕೇಳಿದ್ದೀರಲ್ಲಾ? 1645ರಿಂದ 1660ರವರೆಗೆ ಆಳಿದವನು. ಭೂಮಿಗೆ ಕಂದಾಯ ಎಷ್ಟು ಅಂತ ನಿಗದಿ ಮಾಡೋ ಮೊದಲು ಅವನು ಪ್ರತಿ ಹಳ್ಳಿಯಲ್ಲಿ ಒಂದೊಂದು ಬಗೆಯ ಹೊಲವನ್ನ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಎಷ್ಟು ಬೀಜ, ಎಷ್ಟು ಖರ್ಚು, ಎಷ್ಟು ಬೆಳೆ ಅಂತ ಹನ್ನೆರಡು ವರ್ಷ ಲೆಕ್ಕ ಬರೆಸಿದ ಅಂತ ಮೈಸೂರು ಗೆಜೆಟಿಯರ್ ಹೇಳ್ತದೆ. ಹನ್ನೆರಡು ವರ್ಷ! ಒಂದು ಒಳ್ಳೆ ಮಳೆಗಾಲ ನೋಡಿ ತೆರಿಗೆ ಹಾಕಿಬಿಟ್ಟಿದ್ದರೆ ಕೆಟ್ಟ ವರ್ಷ ಬಂದಾಗ ರೈತ ಸಾಯ್ತಿದ್ದ. ಒಂದು ವರ್ಷದ ಡೇಟಾ ನೋಡಿ ತೀರ್ಮಾನ ಮಾಡೋ ಮ್ಯಾನೇಜರ್‌ಗಳು ಇಲ್ಲಿದ್ದರೆ ಇದನ್ನ ಬರೆದುಕೊಳ್ಳಿ.

ನಮ್ಮ ಕಡೆಯ ಪ್ರಾಣಿ ಅಂದರೆ ಮಲೆನಾಡು ಗಿಡ್ಡ. ಕುಳ್ಳಗಿನ ಹಸು, ಹಾಲು ಕಮ್ಮಿ, ಆದರೆ ಮಳೆ, ಬೆಟ್ಟ, ಕಾಡು ಎಲ್ಲಕ್ಕೂ ಗಟ್ಟಿ. ಬೆಳಿಗ್ಗೆ ಕೊಟ್ಟಿಗೆಯಿಂದ ಬಿಟ್ಟರೆ ಕಾಡಿಗೆ ಮೇಯೋಕೆ ಹೋಗಿ ಸಂಜೆ ತಾನೇ ಬರ್ತದೆ. ಅದಕ್ಕೆ ಯಾವಾಗ ಗಬ್ಬ ನಿಂತಿತು ಅಂತ ಮನೆಯವರಿಗೆ ಎಷ್ಟೋ ಸಲ ಗೊತ್ತೇ ಇರೋದಿಲ್ಲ. ಅಂದಾಜಿನ ಮೇಲೆ ಲೆಕ್ಕ. ಆ ಅಂದಾಜಿನ ದಿನ ದಾಟಿದ ಕೂಡಲೇ ಮನೆಯಲ್ಲಿ ಚಿಂತೆ, ಅಯ್ಯೋ ದಿನ ಮೀರಿತು, ಇನ್ನೂ ಈದಿಲ್ಲ. ಅಜ್ಜಿ ಹೋಗಿ ಬಾಲದ ಬುಡ ಮುಟ್ಟಿ ನೋಡಿ, ಇನ್ನೂ ಹಳ್ಳ ಬಿದ್ದಿಲ್ಲ, ಹೋಗಿ ಮಲಗಿ ಅಂತಾಳೆ. ಹಸುವಿಗೆ ದಿನ ಮೀರಿರಲೇ ಇಲ್ಲ, ನಾವು ಎಣಿಕೆ ಶುರು ಮಾಡಿದ ದಿನವೇ ತಪ್ಪು.

ಪ್ರಿಯರೇ, ನಮ್ಮಲ್ಲಿ ಎಷ್ಟೋ ಜನ ದೇವರು ತಡ ಮಾಡ್ತಿದ್ದಾನೆ ಅಂತ ಅಳೋದು ಈ ತಪ್ಪು ಎಣಿಕೆಯ ಮೇಲೆ. ಯಾರು ಹೇಳಿದ್ದು 28ಕ್ಕೆ ಮದುವೆ ಆಗಬೇಕು ಅಂತ? ಚಿಕ್ಕಮ್ಮ. 30ಕ್ಕೆ ಫ್ಲಾಟ್ ಬುಕ್ ಮಾಡಬೇಕು ಅಂತ? ಕಾಲೇಜಿನ ವಾಟ್ಸಾಪ್ ಗ್ರೂಪ್. ವಾಗ್ದಾನ ಕೊಟ್ಟವನು ಯಾವ ದಿನಾಂಕ ಹೇಳಿದ? ಅಬ್ರಹಾಮನಿಗೆ ವಾಗ್ದಾನ ಬಂದಾಗ 75 ವಯಸ್ಸು, ಆದಿಕಾಂಡ 12:4. ಇಸಾಕ ಹುಟ್ಟಿದಾಗ 100, ಆದಿಕಾಂಡ 21:5. ನಡುವೆ 25 ವರ್ಷ. ಆ ಮೊದಲ ದಿನ ದೇವರು ದಿನಾಂಕ ಕೊಟ್ಟಿರಲಿಲ್ಲ. ಬರುವ ವರ್ಷ ಇದೇ ಸಮಯಕ್ಕೆ ಅಂತ ಸಮಯ ಹೇಳಿದ್ದು 99ನೇ ವಯಸ್ಸಿನಲ್ಲಿ, ಹೆರಿಗೆಗೆ ಸುಮಾರು ಒಂದು ವರ್ಷ ಇದ್ದಾಗ.

ಈ ಮಧ್ಯೆ ಅಬ್ರಹಾಮನೂ ಸಾರಳೂ ಏನು ಮಾಡಿದ್ರು ಗೊತ್ತಲ್ಲಾ. ಹಾಗರಳ ವಿಷಯ. 86ನೇ ವಯಸ್ಸಿಗೆ ಇಷ್ಮಾಯೇಲ್ ಹುಟ್ಟಿದ. ಆ ಹುಡುಗನನ್ನೂ ದೇವರು ಪ್ರೀತಿಸಿದ, ಅವನ ಅಳು ಕೇಳಿದ, ಅದನ್ನ ಮರೀಬೇಡಿ. ಆದರೆ ಆ ಅವಸರದ ಬೆಲೆಯನ್ನ ಕೊಟ್ಟವರು ಯಾರು? ಅವಸರ ಮಾಡಿದವರಲ್ಲ. ಅರಣ್ಯಕ್ಕೆ ಹೋಗಬೇಕಾಗಿ ಬಂದದ್ದು ದಾಸಿಯೂ ಅವಳ ಮಗನೂ.

ಕುದುರೆಗೆ ಬರೋಣ. ದಿನ ಮೀರಿದ ಕುದುರೆಗೆ ಒಂದು ಇಂಜೆಕ್ಷನ್ ಕೊಟ್ಟರೆ ಈಯೋದಿಲ್ವಾ? ಈಯುತ್ತದೆ. ಬೇಗನೇ ಈಯುತ್ತದೆ. ಅದೇ ಅಪಾಯ. ಔಷಧಿ ತಾಯಿಯ ಗರ್ಭಕೋಶವನ್ನ ಒತ್ತಿಸ್ತದೆ, ಒಳಗಿನ ಮರಿ ತಯಾರಾಗಿದೆಯಾ ಅಂತ ಕೇಳೋದಿಲ್ಲ. ತಯಾರಾಗದ ಮರಿ ಹೊರಗೆ ಬಂದರೆ ಉಸಿರಾಟ ಕಷ್ಟ, ಎದ್ದು ನಿಲ್ಲೋಕೆ ಶಕ್ತಿ ಇಲ್ಲ, ಮೊಲೆ ಹುಡುಕೋ ಬುದ್ಧಿಯೂ ಬಂದಿರೋದಿಲ್ಲ. ಅದಕ್ಕೇ ಒಳ್ಳೆ ಪಶುವೈದ್ಯರು ಗಟ್ಟಿ ಕಾರಣ ಇಲ್ಲದೆ ಬರೀ ದಿನಾಂಕ ನೋಡಿ ಕುದುರೆಗೆ ಹೆರಿಗೆ ಬರಿಸೋದಿಲ್ಲ.

ಈಗ ಆದಿಕಾಂಡ 33:13-14. ಯಾಕೋಬನೂ ಏಸಾವನೂ ವರ್ಷಗಳ ನಂತರ ಭೇಟಿಯಾಗಿದ್ದಾರೆ. ಏಸಾವನ ಜೊತೆ ನಾನೂರು ಜನ. ಬಾ, ಒಟ್ಟಿಗೆ ಹೋಗೋಣ ಅಂತಾನೆ. ಯಾಕೋಬ ಬೇಡ ಅಂತಾನೆ. ನನ್ನ ಮಕ್ಕಳು ಎಳೆಯರು, ಹಾಲೂಡಿಸುವ ಕುರಿ ದನ ನನ್ನ ಜೊತೆ ಇವೆ, ಒಂದು ದಿನ ಜಾಸ್ತಿ ಓಡಿಸಿದರೂ ಹಿಂಡೆಲ್ಲ ಸತ್ತುಹೋಗ್ತದೆ, ನೀನು ಮುಂದೆ ಹೋಗು, ನಾನು ಇವುಗಳ ಹೆಜ್ಜೆಗೆ ತಕ್ಕಂತೆ ನಿಧಾನ ಬರ್ತೇನೆ. ಈ ಯಾಕೋಬ ಯಾರು? ಹುಟ್ಟುವಾಗಲೇ ಅಣ್ಣನ ಹಿಮ್ಮಡಿ ಹಿಡಿದವನು. ತಂದೆಯ ಆಶೀರ್ವಾದವನ್ನ ಅವಸರದಲ್ಲಿ ವೇಷ ಹಾಕಿ ಕಿತ್ತುಕೊಂಡವನು. ಈಗ ಹೇಳ್ತಾನೆ, ನಾನು ಮರಿಗಳ ವೇಗದಲ್ಲಿ ನಡೀತೇನೆ. ಇದರಲ್ಲಿ ಏಸಾವನ ಭಯವೂ ಸ್ವಲ್ಪ ಇತ್ತು, ತಪ್ಪಿಸಿಕೊಳ್ಳೋ ಉಪಾಯವೂ ಇತ್ತು ಅಂತ ನನಗನ್ನಿಸ್ತದೆ. ಮುಂದಿನ ವಚನಗಳಲ್ಲಿ ಅವನು ಏಸಾವನ ಊರಿಗೆ ಹೋಗೋದೇ ಇಲ್ಲ, ಸುಕ್ಕೋತಿಗೆ ತಿರುಗ್ತಾನೆ. ಆದರೂ ದನಕುರಿಯ ವಿಷಯದಲ್ಲಿ ಹೇಳಿದ್ದು ನಿಜ. ಇಪ್ಪತ್ತು ವರ್ಷ ಮಾವನ ಹಿಂಡು ಕಾಯ್ದವನಿಗೆ ಗೊತ್ತಿರದೇ ಇರ್ತದಾ?

ಏಸಾವನ ನಾನೂರು ಜನರ ವೇಗದಲ್ಲಿ ನಡೆಯೋಕೆ ಹೋಗಿ ಒಳಗಿನದ್ದನ್ನ ಕೊಂದುಕೊಳ್ಳುವವರು ಈ ನಗರದಲ್ಲಿ ಬಹಳ ಇದ್ದಾರೆ.

ಹಾಗಾದ್ರೆ ಕಾಯೋದು ಅಂದ್ರೆ ಕೈಕಟ್ಟಿ ಕೂರೋದಾ, ಪಾಸ್ಟರ್? ಯೋಬ 39:1ಕ್ಕೆ ಹೋಗಿ. ಜಿಂಕೆ ಮರಿ ಹಾಕೋದನ್ನ ನೋಡಿದ್ದೀಯಾ ಅನ್ನೋ ಕಡೆ ಇಬ್ರಿಯ ಭಾಷೆಯಲ್ಲಿರುವ ಪದ ಶಾಮರ್. ಬೈಬಲ್ ಕಾಲೇಜಿನಲ್ಲಿ ಇಬ್ರಿಯದಲ್ಲಿ ನನಗೆ ಬಂದ ಮಾರ್ಕು ಕೇಳಬೇಡಿ, ಆದರೆ ಈ ಪದ ಗಟ್ಟಿಯಾಗಿ ನೆನಪಿದೆ. ಕಾವಲು ಕಾಯೋದು, ಕಣ್ಣಿಟ್ಟು ಕಾಪಾಡೋದು ಅಂತ ಅರ್ಥ. ಏದೆನ್ ತೋಟವನ್ನ ಕಾಯೋಕೆ ಆದಾಮನನ್ನ ಇಟ್ಟದ್ದು ಇದೇ ಪದದಲ್ಲಿ. ಕೀರ್ತನೆ 121ರಲ್ಲಿ ತೂಕಡಿಸದೆ ಇಸ್ರಾಯೇಲನ್ನ ಕಾಯುವವನು ಅನ್ನೋದೂ ಇದೇ ಪದ. ಅಂದ್ರೆ ದೇವರು ಯೋಬನಿಗೆ ಕೇಳ್ತಾ ಇರೋದು, ಆ ಕಲ್ಲುಬೆಟ್ಟದಲ್ಲಿ, ಯಾರೂ ಇಲ್ಲದ ಕಡೆ, ರಾತ್ರಿ ಈಯೋ ಮೇಕೆಯ ಹತ್ತಿರ ಕಾವಲು ಕೂತವರು ಯಾರು? ನೀನಾ? ಯೋಬ ಅಲ್ಲ ಅನ್ನಬೇಕು. ಹಾಗಾದ್ರೆ ಯಾರು? ಕರ್ತನು ಉತ್ತರ ಹೇಳೋದಿಲ್ಲ, ಪ್ರಶ್ನೆಯಲ್ಲೇ ಉತ್ತರ ಇದೆ. ನಮ್ಮ ಗಿಡ್ಡ ಹಸು ಎಷ್ಟೋ ಸಲ ಕಾಡಲ್ಲೇ ಕರು ಹಾಕಿ, ಪೊದೆಯಲ್ಲಿ ಮುಚ್ಚಿಟ್ಟು, ಸಂಜೆ ಒಂದೇ ಬರ್ತದೆ. ಹೊಟ್ಟೆ ಖಾಲಿಯಾದದ್ದು ನೋಡಿ ಮನೆಯವರು ಟಾರ್ಚ್ ಹಿಡಿದು ಹುಡುಕೋಕೆ ಹೋಗ್ತಾರೆ. ಅವರು ಹೋಗೋ ಮುಂಚೆ ಅಲ್ಲಿ ಯಾರಿದ್ರು? ಆಮೆನ್ ಹೇಳೋದಾದರೆ ಇಲ್ಲಿ ಹೇಳಿ.

ಕಾವಲು ಅಂದ್ರೆ ಕೆಲಸ. ಕುದುರೆ ಈಯೋ ಕೋಣೆಗೆ ಹೊಸ ಹುಲ್ಲು ಹಾಸ್ತಾರೆ. ಬಾಲಕ್ಕೆ ಬಟ್ಟೆ ಸುತ್ತುತಾರೆ. ಹೊಕ್ಕುಳಿಗೆ ಹಾಕೋಕೆ ಔಷಧಿ ಇಡ್ತಾರೆ. ವೈದ್ಯರ ನಂಬರ್ ಗೋಡೆ ಮೇಲೆ ಬರೆದಿರ್ತಾರೆ. ಆಮೇಲೆ ದೂರ ಕೂತು, ದೀಪ ಸಣ್ಣ ಮಾಡಿ, ನೋಡ್ತಾ ಇರ್ತಾರೆ. ಕೆಲಸಕ್ಕೆ ಕಾಯ್ತಿದ್ದೀರಾ? ರೆಸ್ಯೂಮ್ ಸರಿ ಮಾಡಿ, ಆ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ, ಸಾಲ ತೀರಿಸಿ. ಮದುವೆಗೆ ಕಾಯ್ತಿದ್ದೀರಾ? ಕೋಪ ನೋಡ್ಕೊಳ್ಳಿ, ಅಡಿಗೆ ಕಲೀರಿ, ಗಂಡುಮಕ್ಕಳಿಗೂ ಸೇರಿಸಿ ಹೇಳ್ತಿದ್ದೇನೆ. ಯೆಶಾಯ 40:31ರಲ್ಲಿ ಕರ್ತನಿಗಾಗಿ ಕಾಯುವವರು ಅನ್ನೋ ಕಡೆ ಇರುವ ಪದ ಕಾವಾ. ಅದೇ ಮೂಲದಿಂದ ಬಂದ ತಿಕ್ವಾ ಅನ್ನೋ ಪದಕ್ಕೆ ನಿರೀಕ್ಷೆ ಅಂತಲೂ ಅರ್ಥ, ಹಗ್ಗ ಅಂತಲೂ ಅರ್ಥ. ಯೆಹೋಶುವ 2:18ರಲ್ಲಿ ರಹಾಬಳು ಕಿಟಕಿಗೆ ಕಟ್ಟಿದ ಕೆಂಪು ಹಗ್ಗಕ್ಕೆ ಆ ಪದ ಇದೆ. ಹಗ್ಗದ ಒಂದು ತುದಿ ನಮ್ಮ ಕೈಯಲ್ಲಿ, ಇನ್ನೊಂದು ತುದಿ ಯಾರ ಕೈಯಲ್ಲಿ ಇದೆಯೋ ಅವರ ಕಡೆಗೆ ಬಿಗಿಯಾಗಿರ್ತದೆ. ನಿರೀಕ್ಷೆಯಲ್ಲಿ ಆ ಬಿಗಿ ಇರ್ತದೆ, ಅದಕ್ಕೇ ನೋವೂ ಆಗ್ತದೆ. ರೋಮಾಪುರದವರಿಗೆ 8:22ರಿಂದ 25ರಲ್ಲಿ ಪೌಲನು ಸೃಷ್ಟಿಯೆಲ್ಲ ಹೆರಿಗೆ ನೋವಿನಲ್ಲಿ ನರಳ್ತಾ ಇದೆ ಅಂತ ಬರೆದ ಜಾಗದಲ್ಲೇ ನಿರೀಕ್ಷೆಯ ಮಾತು, ತಾಳ್ಮೆಯ ಮಾತು ಬರೆದಿದ್ದಾನೆ.

ಒಂದು ವಿಷಯ ತುಂಬ ಸ್ಪಷ್ಟವಾಗಿ ಹೇಳ್ತೇನೆ, ರೆಕಾರ್ಡ್ ಆಗ್ತಾ ಇದೆ, ಆಗಲಿ. ಕುದುರೆಯ ಲೆಕ್ಕವನ್ನ ಹೆಂಗಸರಿಗೆ ಹಾಕಬೇಡಿ. ಬಸುರಿಗೆ 40 ವಾರ ಅಂತ ಲೆಕ್ಕ. ಅದು ದಾಟಿ 41, 42 ವಾರದ ಕಡೆ ಹೋದ ಹಾಗೆ ಹೊಟ್ಟೆಯೊಳಗಿನ ಮಗುವಿಗೆ ಅಪಾಯ ಹೆಚ್ಚುತ್ತದೆ. ಡಾಕ್ಟರ್ ನೋವು ಬರಿಸಬೇಕು ಅಂದರೆ ಬರಿಸಿಕೊಳ್ಳಿ, ಆಪರೇಷನ್ ಅಂದರೆ ಆಪರೇಷನ್. ಪಾಸ್ಟರ್ ಕಾಯಿರಿ ಅಂತ ಪ್ರಸಂಗ ಮಾಡಿದ್ರು ಅಂತ ಯಾರಾದರೂ ಮನೇಲಿ ಕೂತರೆ, ನಾನು ಅದನ್ನ ಹೇಳಿಲ್ಲ, ಕೇಳಿಸ್ತಾ? ಹಸುವಿಗೂ ದಿನ ತೀರಾ ಮೀರಿದರೆ ಪಶು ಆಸ್ಪತ್ರೆಗೆ ಹೇಳಿಕಳಿಸಬೇಕು. ಕುದುರೆಗೂ ಅಷ್ಟೆ. ನೋವು ಶುರುವಾಗಿ ನೀರು ಒಡೆದ ಮೇಲೆ ಮರಿ ಹೊರಗೆ ಬರೋಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ಬಿಳಿ ಪೊರೆಯ ಬದಲು ಕೆಂಪು ಚೀಲ ಮುಂದೆ ಕಂಡರೆ ಮಾಸು ಮೊದಲೇ ಬಿಟ್ಟಿದೆ, ಮರಿಗೆ ಉಸಿರು ಇಲ್ಲ ಅಂತ ಅರ್ಥ. ಆಗ ಕಾವಲುಗಾರ ಪ್ರಾರ್ಥಿಸ್ತಾ ಕೂರಬಾರದು, ತಕ್ಷಣ ಆ ಚೀಲ ಹರಿದು ಮರಿಯನ್ನ ಹೊರಗೆ ತೆಗೆಯಬೇಕು. ಪ್ರಾರ್ಥನೆಯನ್ನ ಕೈ ಆಡಿಸ್ತಾ ಮಾಡಬಹುದು. ಹನ್ನೊಂದು ತಿಂಗಳು ಸುಮ್ಮನಿದ್ದು, ಆ ಅರ್ಧ ಗಂಟೆಯಲ್ಲಿ ಕೈ ಹಾಕಬೇಕಾದರೆ ಹಾಕೋದು. ಇವೆರಡೂ ಒಬ್ಬನೇ ಮನುಷ್ಯ ಮಾಡಬೇಕಾದ ಕೆಲಸ. 2 ಅರಸುಗಳು 19:3ರಲ್ಲಿ ರಾಜ ಹಿಜ್ಕೀಯನು ಇದೇ ಹೋಲಿಕೆ ಕೊಡ್ತಾನೆ. ಮಗು ಹೊರಗೆ ಬರೋ ಸಮಯ ಆಗಿದೆ, ಹೆರೋಕೆ ಶಕ್ತಿ ಇಲ್ಲ ಅಂತ. ಅವನು ಸುಮ್ಮನೆ ಕೂರಲಿಲ್ಲ, ಯೆಶಾಯನ ಹತ್ತಿರ ಜನ ಕಳಿಸಿದ. ಖಿನ್ನತೆಯಲ್ಲಿ ಇದ್ದು, ದೇವರಿಗೆ ಕಾಯ್ತೇನೆ ಅಂತ ಯಾರಿಗೂ ಹೇಳದೆ ರೂಮಲ್ಲಿ ಬಾಗಿಲು ಹಾಕಿಕೊಂಡಿರುವ ತಮ್ಮ, ತಂಗಿ ಇದನ್ನ ಓದ್ತಾ ಇದ್ದರೆ, ನಿನ್ನ ಮುಂದೆ ಇರೋದು ಕೆಂಪು ಚೀಲ. ಇವತ್ತೇ ಯಾರನ್ನಾದರೂ ಕರಿ.

ಇನ್ನು ದಿನಾಂಕ ಕೊಡುವ ಪ್ರವಾದನೆಗಳ ಬಗ್ಗೆ. ಪವಿತ್ರಾತ್ಮನ ವರಗಳನ್ನ ನಾನು ನಂಬ್ತೇನೆ, ನಮ್ಮ ಸಭೆ ನಂಬ್ತದೆ, ಪ್ರವಾದನೆಯನ್ನ ಯಾರೂ ತಿರಸ್ಕರಿಸಬೇಡಿ. ಆದರೆ ಯೂಟ್ಯೂಬಿನಲ್ಲಿ ಮುಂದಿನ 7 ದಿನದಲ್ಲಿ ನಿನ್ನ ಗರ್ಭ ತೆರೆಯುತ್ತದೆ, 21 ದಿನದಲ್ಲಿ ವೀಸಾ ಬರ್ತದೆ, ಟೈಪ್ ಮಾಡಿ ಆಮೆನ್ ಅಂತ ಹೇಳೋದು ಇದೆಯಲ್ಲಾ, ಧರ್ಮೋಪದೇಶಕಾಂಡ 18:22 ತೆಗೆದು ಓದಿ. ಕರ್ತನ ಹೆಸರಲ್ಲಿ ಹೇಳಿದ್ದು ನಡೆಯದೆ ಹೋದರೆ ಆ ಮಾತು ಕರ್ತನದ್ದಲ್ಲ. ಎಂಟನೇ ದಿನ ಆ ವಿಡಿಯೋ ಮಾಡಿದವನು ಇರೋದಿಲ್ಲ, ಹೊಸ ವಿಡಿಯೋ ಮಾಡ್ತಾ ಇರ್ತಾನೆ. ಎಂಟನೇ ದಿನ ಅಳ್ತಾ ಕೂತಿರೋದು ನಮ್ಮ ಅಕ್ಕ. ವಿಶ್ವಾಸ ಕಡಿಮೆ ಇತ್ತೇನೋ ಅಂತ ತನ್ನನ್ನೇ ಬೈದುಕೊಳ್ತಾ. ಕುದುರೆ ಫಾರಂನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನಿಗೂ ಒಂದು ಕುದುರೆಯ ದಿನ ಹೇಳೋ ಧೈರ್ಯ ಇಲ್ಲ. ಒಬ್ಬ ಹೆಂಗಸಿನ ಗರ್ಭದ ದಿನ ಹೇಳೋಕೆ ಇವರಿಗೆ ಎಲ್ಲಿಂದ ಧೈರ್ಯ ಬಂತು? ಹಬಕ್ಕೂಕ 2:3ರಲ್ಲಿ ದರ್ಶನ ತಡವಾದ ಹಾಗೆ ಕಂಡರೂ ಕಾದಿರು ಅಂತ ದೇವರು ಹೇಳ್ತಾನೆ, ಬಂದೇ ಬರ್ತದೆ ಅಂತಾನೆ. ಯಾವ ತಾರೀಕು ಅಂತ ಹೇಳಲಿಲ್ಲ.

ಕನ್ನಡದಲ್ಲಿ ನಮ್ಮ ತಾಯಂದಿರು ಬಸುರಿಯ ವಿಷಯದಲ್ಲಿ ಬಳಸೋ ಮಾತು ನೋಡಿ. ದಿನ ಮುಗೀತು ಅನ್ನೋದಿಲ್ಲ. ದಿನ ತುಂಬಿತು ಅಂತಾರೆ. ತಿಂಗಳು ತುಂಬಿತು. ಕೊಡ ತುಂಬೋ ಹಾಗೆ. ಯೋಬ 39:2ರಲ್ಲಿ ಇಬ್ರಿಯದಲ್ಲಿ ಇರೋದೂ ತುಂಬೋ ಪದವೇ. ಲೂಕ 2:6ರಲ್ಲಿ ಮರಿಯಳಿಗೆ ಬೆತ್ಲೆಹೇಮಿನಲ್ಲಿ ದಿನ ತುಂಬಿದವು. ಗಲಾತ್ಯದವರಿಗೆ 4:4ರಲ್ಲಿ ಕಾಲ ತುಂಬಿದಾಗ ದೇವರು ತನ್ನ ಮಗನನ್ನ ಕಳಿಸಿದ. ಮಲಾಕಿಯನಿಂದ ಆ ರಾತ್ರಿಯವರೆಗೆ ಸುಮಾರು 400 ವರ್ಷ, ಎಷ್ಟು ಜನ ಆ ಮಧ್ಯೆ ಕಾದು ಸತ್ತರು? ಸಿಮೆಯೋನನೂ ಅನ್ನಳೂ ಕಂಡರು. ಅವರ ಅಪ್ಪ ಅಮ್ಮ ಕಾಣಲಿಲ್ಲ.

ಅದಕ್ಕೇ ಕೊನೆಗೆ ಯೋಬನ ಹತ್ತಿರ ಬರಬೇಕು. ಕಾದಿದ್ದೆಲ್ಲ ಜೀವಂತವಾಗಿ ಹುಟ್ಟೋದಿಲ್ಲ, ಪ್ರಿಯರೇ. ಹನ್ನೊಂದು ತಿಂಗಳು ಕಾದ ಮೇಲೆ ಸತ್ತ ಮರಿ ಬರೋದು ಉಂಟು. ನಮ್ಮ ಸಭೆಯಲ್ಲೂ ಆಸ್ಪತ್ರೆಯಿಂದ ಬರೀ ಕೈಯಲ್ಲಿ ಬಂದ ದಂಪತಿಗಳಿದ್ದಾರೆ. ಹೆಸರು ಹೇಳೋದಿಲ್ಲ. ಅವರ ಹತ್ತಿರ ಹೋಗಿ, ದೇವರು ಇನ್ನೊಂದು ಕೊಡ್ತಾನೆ ಬಿಡಿ ಅಂತ ದಯವಿಟ್ಟು ಹೇಳಬೇಡಿ. ಯೋಬನಿಗೆ 42ನೇ ಅಧ್ಯಾಯದಲ್ಲಿ ಮತ್ತೆ ಹತ್ತು ಮಕ್ಕಳು ಹುಟ್ಟಿದ್ರು, ನಿಜ. ಕುರಿ, ಒಂಟೆ, ಎತ್ತು, ಕತ್ತೆ ಎಲ್ಲ ಎರಡರಷ್ಟು ಆದವು. ಮಕ್ಕಳು ಮಾತ್ರ ಇಪ್ಪತ್ತಾಗಲಿಲ್ಲ, ಮತ್ತೆ ಹತ್ತೇ. ಯಾಕೆ ಅಂತ ನಮ್ಮ ಹಿರಿಯ ಬೋಧಕರು ಒಂದು ವಿವರಣೆ ಕೊಡ್ತಾರೆ. ಆ ಮೊದಲ ಹತ್ತು ಕಳೆದುಹೋಗಿಲ್ಲ, ದೇವರ ಹತ್ತಿರ ಇದ್ದಾರೆ, ಸೇರಿಸಿದರೆ ಎರಡರಷ್ಟೇ ಅಂತ. ಇರಬಹುದು, ನನಗೆ ಆ ವಿವರಣೆ ಇಷ್ಟ. ಆದರೆ ಗ್ರಂಥ ಅದನ್ನ ಬಾಯಿಬಿಟ್ಟು ಹೇಳೋದಿಲ್ಲ, ನಾನೂ ಅದಕ್ಕಿಂತ ಮುಂದೆ ಹೋಗೋದಿಲ್ಲ. ನನಗೆ ಗಟ್ಟಿಯಾಗಿ ಗೊತ್ತಿರೋದು 39ನೇ ಅಧ್ಯಾಯ. ಮಕ್ಕಳನ್ನ ಕಳಕೊಂಡವನಿಗೆ ದೇವರು ಕಾರಣ ಕೊಡಲಿಲ್ಲ. ಬೆಟ್ಟಕ್ಕೆ ಕರಕೊಂಡು ಹೋಗಿ, ಬಗ್ಗಿ ನೋವು ತಿನ್ನುತ್ತಿರುವ ಒಂದು ಮೇಕೆಯನ್ನ ತೋರಿಸಿದ. ನಾನು ಇಲ್ಲಿದ್ದೆ ಅಂದ. ಮೇಕೆಯ ಹತ್ತಿರ ಇದ್ದವನು ನಿನ್ನ ಮಕ್ಕಳ ಹತ್ತಿರ ಇರಲಿಲ್ವಾ?

4ನೇ ವಚನ ಬಿಡಬಾರದು. ಆ ಮರಿಗಳು ಬಲಿತು ಬಯಲಿಗೆ ಹೋಗ್ತವೆ, ತಿರುಗಿ ಬರೋದಿಲ್ಲ. ಇದರ ಬಗ್ಗೆ ಇನ್ನೊಂದು ಭಾನುವಾರ ಮಾತಾಡೋಣ, ತಂದೆತಾಯಂದಿರೂ ಬನ್ನಿ.

ಹುಟ್ಟಿದ ಮೇಲೆ ಏನಾಗ್ತದೆ ಅಂತ ಎರಡು ಮಾತು. ಕುದುರೆಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಮರಿ ಮೊದಲು ಕುಡಿಯೋದು ಗಿಣ್ಣುಹಾಲು. ಕುದುರೆಮರಿಗೂ ಕರುವಿಗೂ ತಾಯಿಯ ಹೊಟ್ಟೆಯೊಳಗೆ ರೋಗನಿರೋಧಕ ಶಕ್ತಿ ಹೆಚ್ಚೇನೂ ಸಿಕ್ಕಿರೋದಿಲ್ಲ, ಆ ಮೊದಲ ಗಂಟೆಗಳ ಗಿಣ್ಣಿನಲ್ಲೇ ಸಿಗಬೇಕು. ನಮ್ಮ ಮಲೆನಾಡಲ್ಲಿ ಹಸು ಈದರೆ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆ ಹಂಚೋದು ದೊಡ್ಡ ಸಂಭ್ರಮ. ತಿಳಿದ ಮನೆಯವರು ಮಾತ್ರ ಮೊದಲು ಕರು ಹೊಟ್ಟೆತುಂಬ ಕುಡಿಯಲಿ ಅಂತ ಬಿಟ್ಟು, ಉಳಿದದ್ದನ್ನ ಕರೀತಾರೆ. ಕಾದು ಕಾದು ಉತ್ತರ ಸಿಕ್ಕಿದವರು ಸಾಕ್ಷಿ ಹೇಳೋಕೆ, ಸ್ಟೇಟಸ್ ಹಾಕೋಕೆ ಓಡ್ತೀರಿ. ಹಾಕಿ, ಬೇಡ ಅನ್ನೋದಿಲ್ಲ. 1 ಪೇತ್ರ 2:2ರಲ್ಲಿ ಹೇಳಿದ ಹಾಗೆ ಮೊದಲು ಹಾಲು ಕುಡಿಯಿರಿ. ಹೊಸ ಕೆಲಸದ ಮೊದಲ ತಿಂಗಳು ಪ್ರಾರ್ಥನೆ ತಪ್ಪಿಸಬೇಡಿ. ಹೊಸ ಮದುವೆಯ ಮೊದಲ ವರ್ಷ ಸಭೆ ಬಿಡಬೇಡಿ.

ಈಗ ಎದ್ದು ನಿಲ್ಲೋಣ. ಕಾಯ್ತಾ ಇರುವವರು ಕೈ ಎತ್ತಬೇಕಾಗಿಲ್ಲ, ಮುಂದೆ ಬರಬೇಕಾಗಿಲ್ಲ. ಪಕ್ಕದಲ್ಲಿ ಯಾರು ಇದ್ದಾರೋ ಅವರ ಹತ್ತಿರ ಒಂದು ಹೆಜ್ಜೆ ಸರಿದು ನಿಂತುಕೊಳ್ಳಿ, ಅಷ್ಟು ಸಾಕು.

ಕರ್ತನೇ, ಯಾರೂ ಕಾಣದ ಕಲ್ಲುಬೆಟ್ಟದಲ್ಲಿ ಕಾವಲು ಕೂರುವವನೇ, ಇವರ ಹತ್ತಿರ ಇವತ್ತು ರಾತ್ರಿ ಕೂತುಕೋ. ತಿಂಗಳು ಎಣಿಸಿ ದಣಿದವರಿಗೆ ನಿದ್ದೆ ಕೊಡು. ಕೈ ಹಾಕಬೇಕಾದ ಸಮಯ ಬಂದವರಿಗೆ ಎಚ್ಚರ ಕೊಡು. ಬರೀ ಕೈಯಲ್ಲಿ ಮನೆಗೆ ಬಂದವರನ್ನ ಬಿಡಬೇಡ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.